ಪಿತ್ತ ಒಡೆಯದ ಚೂರಿ

ಹಿತ್ತಲಲ್ಲಿ ಮೊದಲ ಸಲ ಒಬ್ಬನೇ ಕೂತು ನಾಟಿಕೋಳಿ ಕೊಯ್ದ ದಿನ ನಾನು ಪಿತ್ತ ಒಡೆದೆ. ಪುಕ್ಕ ಕಿತ್ತು, ಬೆಂಕಿಗೆ ಹಿಡಿದು, ಅರಿಶಿನ ಹಚ್ಚಿ ತೊಳೆಯುವ ತನಕ ಎಲ್ಲ ಸರಿಯಾಗಿತ್ತು. ಆಮೇಲೆ ಹೊಟ್ಟೆ ಸೀಳುವಾಗ ಸಂತೆಯಲ್ಲಿ ತಂದ ಹೊಸ ಚಾಕುವಿನ ಮೊನೆ ಒಂದು ಬೆರಳಿನಷ್ಟು ಜಾಸ್ತಿ ಒಳಗೆ ಹೋಯಿತು. ಈಲಿಗೆ ಅಂಟಿಕೊಂಡಿದ್ದ ಹಸಿರು ಚೀಲ ತೂತಾಯಿತು. ಎರಡು ನಿಮಿಷದಲ್ಲಿ ಈಲಿ, ಪಕ್ಕದ ಮಾಂಸ ಎಲ್ಲ ಪಾಚಿ ಬಣ್ಣಕ್ಕೆ ತಿರುಗಿತು. ಅಮ್ಮ ಉಪ್ಪು ಹಾಕಿ ತಿಕ್ಕಿದರು, ಹುಣಸೆಹುಳಿ ಹಾಕಿ ತೊಳೆದರು. ರಾತ್ರಿ ಸಾರು ಉಂಡವರೆಲ್ಲ ಒಂದೊಂದು ತುತ್ತಿಗೂ ನನ್ನ ಮುಖ ನೋಡಿದರು.

"ಚಾಕು ಚೂಪಿದ್ರೆ ಸಾಲದು ಕಣೋ, ಮೊನೆ ಎಲ್ಲಿದೆ ಅಂತ ಬೆರಳಿಗೆ ಗೊತ್ತಿರ್ಬೇಕು" ಅಂದರು ಅಮ್ಮ.

ಈ ಮಾತನ್ನು ಉಕ್ಕಿನಲ್ಲಿ ಬರೆದ ಮನುಷ್ಯನೊಬ್ಬ ಅಮೆರಿಕದಲ್ಲಿದ್ದ. ಅವನ ಹೆಸರು ಬಾಬ್ ಲವ್‌ಲೆಸ್. ಕೈಯಲ್ಲೇ ಚೂರಿ ಮಾಡುವವರ ಲೋಕದಲ್ಲಿ ಅವನಷ್ಟು ಹೆಸರು ಮಾಡಿದವರು ಕಡಿಮೆ. ಅವನು ಮಾಡಿದ ಚೂರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಬಯಸಿದ್ದು, ಎಲ್ಲಕ್ಕಿಂತ ಹೆಚ್ಚು ಜನ ನಕಲು ಮಾಡಿದ್ದು ಒಂದೇ: ಡ್ರಾಪ್ ಪಾಯಿಂಟ್ ಹಂಟರ್. ಫೋಟೋದಲ್ಲಿ ನೋಡಿದರೆ "ಇದರಲ್ಲೇನಿದೆ?" ಅನಿಸುತ್ತದೆ. ಹೆಚ್ಚುಕಡಿಮೆ ಗೇಣುದ್ದದ ಚೂರಿ. ಅದರಲ್ಲಿ ಅಲಗು ಮೂರೂವರೆಯಿಂದ ನಾಲ್ಕು ಇಂಚು. ಹಲ್ಲಿಲ್ಲ, ಕೊಕ್ಕೆಯಿಲ್ಲ, ಕೆತ್ತನೆಯಿಲ್ಲ. ನಮ್ಮ ಹಣ್ಣಿನ ಚಾಕುವಿಗೆ ಸ್ವಲ್ಪ ಮೈ ಬಂದ ಹಾಗೆ. ಆದರೆ ಅದರ ಒಂದೊಂದು ಗೆರೆಯೂ ಒಂದೇ ಪ್ರಶ್ನೆಯಿಂದ ಹುಟ್ಟಿದ್ದು. ಏನನ್ನು ಕೊಯ್ಯಬೇಕು ಅನ್ನುವುದಲ್ಲ, ಏನನ್ನು ಕೊಯ್ಯಬಾರದು ಅನ್ನುವ ಪ್ರಶ್ನೆ.

ಮೊದಲು ಆ ಕೆಲಸ ಏನು ಅಂತ ನೋಡೋಣ. ಬೇಟೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅಮೆರಿಕದಲ್ಲಿ ಹಾಗಲ್ಲ, ಲೈಸೆನ್ಸ್ ಪಡೆದು, ಋತು ನೋಡಿಕೊಂಡು ಜಿಂಕೆ ಹೊಡೆಯುವುದು ಅಲ್ಲಿ ಇವತ್ತಿಗೂ ನಡೆಯುವ ಸಂಗತಿ. ಹೊಡೆದ ಜಿಂಕೆಯನ್ನು ಹಾಗೇ ಊರಿಗೆ ಹೊತ್ತು ತರುವಂತಿಲ್ಲ. ಮೈ ಬಿಸಿಯಾಗಿರುತ್ತದೆ, ಒಳಗಿನ ಕರುಳು ಬೇಗ ಕೆಡುತ್ತದೆ, ಅದರ ಜತೆ ಮಾಂಸವೂ ಕೆಡುತ್ತದೆ. ಹಾಗಾಗಿ ಬಿದ್ದ ಜಾಗದಲ್ಲೇ ಹೊಟ್ಟೆ ಸೀಳಿ ಒಳಗಿನದನ್ನೆಲ್ಲ ಹೊರಗೆ ಹಾಕಬೇಕು. ಸೀಳುವಾಗ ಕರುಳು ತೂತಾದರೆ ಸಗಣಿ ಮಾಂಸಕ್ಕೆ ತಾಗುತ್ತದೆ. ಮೂತ್ರಕೋಶ ಒಡೆದರೆ ಇನ್ನೂ ಕಷ್ಟ. ಕೋಳಿಯ ಪಿತ್ತ ಒಡೆದರೆ ಒಂದು ಹೊತ್ತಿನ ಸಾರು ಹೋಗುತ್ತದೆ. ಅಲ್ಲಿ ಹೋಗುವುದು ಒಂದು ಮನೆಯ ಚಳಿಗಾಲದ ಮಾಂಸ. ಅದೂ ಕತ್ತಲಾಗುತ್ತಿರುವ ಕಾಡಿನಲ್ಲಿ, ಚಳಿಗೆ ಮರಗಟ್ಟಿದ ಬೆರಳು, ರಕ್ತಕ್ಕೆ ಜಾರುವ ಹಿಡಿ ಇಟ್ಟುಕೊಂಡು ಮಾಡುವ ಕೆಲಸ.

ಹೇಗೆ ಸೀಳುತ್ತಾರೆ? ಹೊಟ್ಟೆಯ ಚರ್ಮಕ್ಕೆ ಚಿಕ್ಕದೊಂದು ಗಾಯ ಮಾಡಿ, ಎಡಗೈಯ ಎರಡು ಬೆರಳನ್ನು ಒಳಗೆ ತೂರಿಸಿ ಚರ್ಮವನ್ನು ಮೇಲೆತ್ತಿ ಹಿಡಿಯುತ್ತಾರೆ. ಆ ಎರಡು ಬೆರಳಿನ ಸಂದಿಯಲ್ಲಿ ಚೂರಿ ಇಟ್ಟು, ಹರಿತದ ಬಾಯಿಯನ್ನು ಆಕಾಶಕ್ಕೆ ತಿರುಗಿಸಿ, ಒಳಗಿನಿಂದ ಹೊರಕ್ಕೆ ಕೊಯ್ಯುತ್ತ ಮುಂದೆ ಹೋಗುತ್ತಾರೆ. ಅಂದರೆ ಚೂರಿ ಮಗುಚಿಕೊಂಡಿರುತ್ತದೆ. ಬಾಯಿ ಮೇಲೆ, ಬೆನ್ನು ಕೆಳಗೆ. ಬೆನ್ನಿನ ಅಡಿಗೇ ಕರುಳು. ಮೂತಿಯ ಆಕಾರಕ್ಕೆ ಬೆಲೆ ಬರುವುದು ಇಲ್ಲೇ.

ಮನೆಯಲ್ಲಿರುವ ಯಾವುದಾದರೂ ಚಾಕು ಕೈಗೆ ತೆಗೆದುಕೊಳ್ಳಿ. ಬಾಯಿ ಕೆಳಗೆ ಮಾಡಿ, ಪಕ್ಕದಿಂದ ನೋಡಿ. ಬೆನ್ನಿನ ಗೆರೆ ನೆಟ್ಟಗೆ ಹೋಗಿ ಕೊನೆಯಲ್ಲಿ ಮೇಲಕ್ಕೆ ಸೊಂಡಿಲಿನ ಹಾಗೆ ಎದ್ದಿದ್ದರೆ ಅದೊಂದು ಜಾತಿ. ಚರ್ಮ ಸುಲಿಯಲು ಅದು ಚೆನ್ನ, ಬಾಯಿ ಉದ್ದ ಸಿಗುತ್ತದೆ. ಈಗ ಅದನ್ನೇ ಮಗುಚಿ ಹಿಡಿಯಿರಿ. ಮೇಲಕ್ಕೆದ್ದಿದ್ದ ಮೊನೆ ಈಗ ಕೆಳಕ್ಕೆ, ಸೀದಾ ಕರುಳಿನ ಕಡೆಗೆ ತಿರುಗಿತು. ಒಂಚೂರು ಕೈ ತಪ್ಪಿದರೆ ಮುಗಿಯಿತು.

ಇನ್ನೊಂದು ಜಾತಿ ಅಮೆರಿಕದ ಪ್ರಸಿದ್ಧ ಬೋವಿ ಚೂರಿಯದು. ಬೆನ್ನಿನ ಮುಂಭಾಗವನ್ನು ಕಚ್ಚಿ ತೆಗೆದ ಹಾಗೆ ಒಳಕ್ಕೆ ಬಾಗಿಸಿ ಮೊನೆಯನ್ನು ಸೂಜಿ ಮಾಡಿರುತ್ತಾರೆ. ಅಲ್ಲೂ ಮೊನೆ ಬೆನ್ನಿಗಿಂತ ಕೆಳಗೇ ಇರುತ್ತದೆ, ನಿಜ. ಆದರೆ ಅದು ಚುಚ್ಚಲೆಂದೇ ಹುಟ್ಟಿದ ಮೊನೆ, ತಾಗಿದಲ್ಲೆಲ್ಲ ಚುಚ್ಚುತ್ತದೆ. ಮೇಲಾಗಿ ತೆಳ್ಳಗಿರುವುದರಿಂದ ಮೂಳೆಗೆ ಸಿಕ್ಕಿದರೆ ತುದಿ ಮುರಿಯುತ್ತದೆ.

ಲವ್‌ಲೆಸ್‌ನ ಚೂರಿಯಲ್ಲಿ ಬೆನ್ನು ಅರ್ಧ ದಾರಿ ನೆಟ್ಟಗೆ ಬಂದು ಆಮೇಲೆ ಮೆಲ್ಲಗೆ ಕೆಳಕ್ಕೆ ಇಳಿಯುತ್ತದೆ. ಕಡಿದು ಇಳಿಯುವುದಿಲ್ಲ, ದಿಬ್ಬದಿಂದ ಗದ್ದೆಗೆ ಇಳಿಯುವ ಬದುವಿನ ಹಾಗೆ ಉಬ್ಬಿಕೊಂಡೇ ಇಳಿಯುತ್ತದೆ. ಹೀಗಾಗಿ ಮೊನೆ ಅಲಗಿನ ನಡುಗೆರೆಯ ಹತ್ತಿರಕ್ಕೆ ಬಂದು ಕೂರುತ್ತದೆ. ಹೆಸರು ಬಂದದ್ದೂ ಅದರಿಂದಲೇ, ಇಳಿಬಿಟ್ಟ ಮೊನೆ. ಮಗುಚಿ ಹಿಡಿದಾಗ ಆ ಮೊನೆ ಕರುಳಿನಿಂದ ದೂರ, ಮೇಲಕ್ಕೆ ಏಳುತ್ತದೆ. ಕರುಳಿಗೆ ತಾಗುವುದು ಉರುಟಾದ ಬೆನ್ನು ಮಾತ್ರ. ಅದು ಕರುಳನ್ನು ಕೊಯ್ಯುವುದಿಲ್ಲ, ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತದೆ.

ಇನ್ನೂ ಎರಡು ಲಾಭ ಇದೇ ಇಳಿಜಾರಿನಿಂದ ಬಂದವು. ಮೂತಿಯವರೆಗೂ ಬೆನ್ನಿನ ದಪ್ಪ ಉಳಿಯುವುದರಿಂದ ತುದಿ ಗಟ್ಟಿ. ಮತ್ತೆ ಚೂರಿಯನ್ನು ನೆಟ್ಟಗೆ ಹಿಡಿದು ತೋರುಬೆರಳನ್ನು ಬೆನ್ನಿನ ಮೇಲೆ ಚಾಚಿದರೆ, ಬೆರಳು ಇಳಿಜಾರಿನ ಮೇಲೆ ತಾನಾಗಿ ಕೂರುತ್ತದೆ. ಮೊನೆ ಬೆರಳಿನ ತುದಿಯ ಮುಂದುವರಿದ ಭಾಗವಾಗುತ್ತದೆ. ಕಣ್ಣಿಗೆ ಕಾಣದ ಜಾಗದಲ್ಲೂ ಮೊನೆ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ಅಮ್ಮ ಹೇಳಿದ್ದು ಇದನ್ನೇ ಅಲ್ವಾ?

ಈ ಆಕಾರವನ್ನು ಲವ್‌ಲೆಸ್ ಶೂನ್ಯದಿಂದ ಕಂಡುಹಿಡಿದ ಅಂತ ಹೇಳಿದರೆ ತಪ್ಪಾಗುತ್ತದೆ. ಮೊನೆ ಇಳಿದ ಚೂರಿಗಳು ಮೊದಲೂ ಇದ್ದವು. ಅವನು ಮಾಡಿದ್ದು ಆ ಗೆರೆಯನ್ನು ತಿದ್ದಿ ತಿದ್ದಿ, ಇನ್ನು ಕೂದಲೆಳೆ ಆಚೀಚೆ ಮಾಡಿದರೂ ಕೆಡುತ್ತದೆ ಅನ್ನುವ ಹದಕ್ಕೆ ತಂದದ್ದು.

ಅವನ ಕಥೆ ಶುರುವಾಗುವುದು ಹಡಗಿನಲ್ಲಿ. ಹುಟ್ಟಿದ್ದು 1929ರಲ್ಲಿ, ಒಹಾಯೊ ರಾಜ್ಯದಲ್ಲಿ. ವಯಸ್ಸು ಸುಳ್ಳು ಹೇಳಿ 14ಕ್ಕೇ ಸರಕು ಹಡಗು ಸೇರಿದ ಹುಡುಗ. 1950ರ ದಶಕದ ಮೊದಲಲ್ಲಿ ನ್ಯೂಯಾರ್ಕಿನ ಅಬರ್‌ಕ್ರಾಂಬಿ ಆ್ಯಂಡ್ ಫಿಚ್ ಅಂಗಡಿಗೆ ಒಂದು ಚೂರಿ ಕೊಳ್ಳಲು ಹೋದ. ಇವತ್ತು ಆ ಹೆಸರು ಕೇಳಿದರೆ ಮಾಲ್‌ಗಳಲ್ಲಿನ ಟೀ ಶರ್ಟು ನೆನಪಾಗುತ್ತದೆ. ಆಗ ಅದು ಬೇಟೆ, ಮೀನುಗಾರಿಕೆ, ದೂರದ ಪ್ರಯಾಣಕ್ಕೆ ಬೇಕಾದ ಸಾಮಾನು ಮಾರುವ ದೊಡ್ಡ ಮಳಿಗೆ. ಲವ್‌ಲೆಸ್ ಕೇಳಿದ್ದು ಫ್ಲೋರಿಡಾದ ಬೋ ರಾಂಡಲ್ ಕೈಯಲ್ಲಿ ಮಾಡುತ್ತಿದ್ದ ಚೂರಿ. ಒಂಬತ್ತು ತಿಂಗಳು ಕಾಯಬೇಕು ಅಂದರು. ಕಾಯುವ ಪೈಕಿ ಅವನಲ್ಲ. ನ್ಯೂಜೆರ್ಸಿಯ ನೆವಾರ್ಕಿನ ಗುಜರಿಯಲ್ಲಿ 1937ರ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿ ಹುಡುಕಿ ತಂದ. ಹಡಗಿನ ಅಡುಗೆಮನೆಯ ಒಲೆಯಲ್ಲಿ ಕಾಯಿಸಿ ಬಡಿದು ಚೂರಿ ಮಾಡಿಯೇಬಿಟ್ಟ.

ಇಲ್ಲಿ ನಮ್ಮ ಕಮ್ಮಾರರು ಯಾರಾದರೂ ಇದ್ದರೆ ನಗುತ್ತಾರೆ. ಮಲೆನಾಡಿನ ಅರ್ಧಕ್ಕರ್ಧ ಮಚ್ಚು, ಕತ್ತಿಗಳು ಹುಟ್ಟಿದ್ದೇ ಲಾರಿ ಪಟ್ಟದಿಂದ. ಗಾಡಿಯ ಭಾರ ಹೊತ್ತು ದಿನಕ್ಕೆ ಸಾವಿರ ಸಲ ಬಾಗಿ ಮತ್ತೆ ನೆಟ್ಟಗಾಗಬೇಕಾದ ಉಕ್ಕು ಅದು. ಇಂಗಾಲ ಬೇಕಾದಷ್ಟಿದೆ, ಹಾಗಾಗಿ ಹದ ಕೊಟ್ಟರೆ ಗಟ್ಟಿಯಾಗುತ್ತದೆ. ಬಾಗಿದರೂ ಮುರಿಯುವುದಿಲ್ಲ. ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತದೆ. ಹಡಗಿನ ಹುಡುಗನಿಗೂ ಮಲೆನಾಡಿನ ಸಾಗರ ಊರಿನ ಕಮ್ಮಾರನಿಗೂ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡದೆಯೇ ಅದೇ ಉಪಾಯ ಹೊಳೆದಿದೆ.

ಮಾಡಿದ ಚೂರಿಯನ್ನು ಅದೇ ಅಂಗಡಿಗೆ ತೋರಿಸಿದ. ಅವರು ಇನ್ನಷ್ಟು ಮಾಡಿಕೊಡು ಅಂದರು. 1954ರಿಂದ 1960ರವರೆಗೆ ಡೆಲವೇರ್ ಮೇಡ್ ಅನ್ನುವ ಹೆಸರಲ್ಲಿ ಮಾಡಿಕೊಟ್ಟ. ಕೊಳ್ಳಲು ಹೋದ ಅಂಗಡಿಯಲ್ಲೇ ಅವನ ಚೂರಿ ಜೋರಾಗಿ ಖರ್ಚಾಗತೊಡಗಿತು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕೊನೆಗೆ ರಿವರ್‌ಸೈಡ್ ಊರಿನಲ್ಲಿ ನೆಲೆ ನಿಂತ. 2010ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದ.

ಈ ನಡುವೆ ಅವನು ಸುತ್ತಿಗೆ ಕೆಳಗಿಟ್ಟ. ಚೂರಿ ಮಾಡಲು ಎರಡು ದಾರಿ ಇವೆ. ಒಂದು, ಉಕ್ಕನ್ನು ಕುಲುಮೆಯಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು ಆಕಾರಕ್ಕೆ ತರುವುದು. ಇನ್ನೊಂದು, ಕಾರ್ಖಾನೆಯಿಂದ ಬಂದ ಚಪ್ಪಟೆ ಪಟ್ಟಿಯನ್ನು ಕೊರೆದು, ಉಜ್ಜಿ, ಬೇಡದ್ದನ್ನೆಲ್ಲ ತೆಗೆದು ಚೂರಿಯನ್ನು ಹೊರಗೆ ತರುವುದು. ಮೊದಲನೆಯದು ಚಪಾತಿ ಲಟ್ಟಿಸಿದ ಹಾಗೆ, ಎರಡನೆಯದು ಕಲ್ಲಿನಲ್ಲಿ ಮೂರ್ತಿ ಕಡೆದ ಹಾಗೆ. ಬಡಿದದ್ದೇ ಅಸಲಿ, ಉಜ್ಜಿದ್ದು ಸುಮ್ನೆ ಅಂತ ಹೇಳುವವರು ಎಲ್ಲ ದೇಶದಲ್ಲೂ ಇದ್ದಾರೆ. ನನಗೆ ಈ ಜಗಳ ಅರ್ಥವಾಗುವುದಿಲ್ಲ. ಹಿಂದೆ ಸಿಗುತ್ತಿದ್ದ ಕಬ್ಬಿಣದಲ್ಲಿ ಕಸರು ಇರುತ್ತಿತ್ತು, ಬಡಿದು ಮಡಚಿ ಶುದ್ಧ ಮಾಡದೆ ವಿಧಿಯಿರಲಿಲ್ಲ. ಈಗ ಕಾರ್ಖಾನೆಯ ಉಕ್ಕು ಒಳಗೂ ಹೊರಗೂ ಒಂದೇ ಸಮ ಇರುತ್ತದೆ. ಬಡಿಯುವುದರಿಂದ ಆಕಾರ ಬರುತ್ತದೆ, ಉಕ್ಕು ಉಳಿಯುತ್ತದೆ. ಅದರಾಚೆ ಚೂರಿಯ ಗುಣ ನಿಂತಿರುವುದು ಬಾಯಿ ಎಷ್ಟು ತೆಳ್ಳಗಿದೆ, ಹದ ಎಷ್ಟು ಸರಿಯಾಗಿದೆ ಅನ್ನುವುದರ ಮೇಲೆ.

ಮೊದಲು ಬಾಯಿ. ಹೊಸ ಚಾಕು ಕೊಂಡಾಗ ಹರಿತ ಇದ್ದರೂ ತರಕಾರಿಯಲ್ಲಿ ಸಿಕ್ಕಿಕೊಳ್ಳುವುದನ್ನು ನೋಡಿರಬೇಕು ನೀವು. ಕುಂಬಳಕಾಯಿ ಕೊಯ್ಯಲು ಹೋದರೆ ಕೊಯ್ಯುವುದಿಲ್ಲ, ಸೀಳುತ್ತದೆ. ಅಲಗು ಬಾಯಿಯ ಹಿಂದೆಯೇ ದಪ್ಪ ಆಗಿರುವುದು ಇದಕ್ಕೆ ಕಾರಣ. ಎಷ್ಟು ಮಸೆದರೂ ಪ್ರಯೋಜನವಿಲ್ಲ, ಸೌದೆ ಸೀಳುವ ಆಪಿನ ಹಾಗೆ ಕೆಲಸ ಮಾಡುತ್ತದೆ. ಲವ್‌ಲೆಸ್ ಇದಕ್ಕೆ ಆರಿಸಿಕೊಂಡದ್ದು ಕುಳಿ ಉಜ್ಜುವ ವಿಧಾನ. ಅಲಗನ್ನು ಚಪ್ಪಟೆ ಕಲ್ಲಿಗಲ್ಲ, ಉರುಟು ಚಕ್ರಕ್ಕೆ ಹಿಡಿದು ಎರಡೂ ಕೆನ್ನೆಯನ್ನು ಒಳಕ್ಕೆ ತಗ್ಗು ಮಾಡುವುದು. ಹಳೆಯ ಕಟಿಂಗ್ ಶಾಪ್‌ಗಳಲ್ಲಿ ಚರ್ಮದ ಪಟ್ಟಿಗೆ ಎಳೆದು ಹರಿತ ಮಾಡುತ್ತಿದ್ದ ಮಡಚುವ ಕತ್ತಿ ನೆನಪಿದೆಯಾ? ಅದರ ಕೆನ್ನೆಯೂ ಹೀಗೇ ಒಳಕ್ಕೆ ಹೋಗಿರುತ್ತದೆ. ಬೆನ್ನು ದಪ್ಪ, ಆದ್ದರಿಂದ ಬಲ ಇದೆ. ಬಾಯಿಯ ಹಿಂದೆ ತುಂಬ ದೂರದವರೆಗೆ ತೆಳು, ಆದ್ದರಿಂದ ಚರ್ಮ, ಮಾಂಸದಲ್ಲಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ವರ್ಷಗಟ್ಟಲೆ ಮಸೆದು ಬಾಯಿ ಸವೆದರೂ ಹಿಂದಿನ ಭಾಗ ಬೇಗ ದಪ್ಪವಾಗುವುದಿಲ್ಲ.

ಇದಕ್ಕೆ ಬೆಲೆಯೂ ಇದೆ. ತೆಳ್ಳಗಿನ ಬಾಯಿ ಮೂಳೆಗೆ, ತೆಂಗಿನ ಚಿಪ್ಪಿಗೆ ಹೊಡೆದರೆ ಚೂರು ಹಾರುತ್ತದೆ. ಈ ಚೂರಿಯಲ್ಲಿ ಎಳನೀರು ಕೆತ್ತಲು ಹೋಗಬೇಡಿ. ಅದಕ್ಕೆ ಮಚ್ಚೇ ಸರಿ.

ಕುಳಿ ಉಜ್ಜುವುದು ಹೇಳಿದಷ್ಟು ಸುಲಭವಲ್ಲ. ಅಲಗನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿ, ತಿರುಗುವ ಬೆಲ್ಟಿಗೆ ತಾಗಿಸಿ ಬುಡದಿಂದ ಮೊನೆಗೆ ಒಂದೇ ಓಟದಲ್ಲಿ ಎಳೆಯಬೇಕು. ಮಧ್ಯೆ ನಿಂತರೆ ಅಲ್ಲೊಂದು ಗುಳಿ ಬೀಳುತ್ತದೆ. ಮೊನೆಯ ಹತ್ತಿರ ಬಂದಾಗ ಬಾಯಿ ಮೇಲಕ್ಕೆ ತಿರುಗುತ್ತದೆ, ಅದರ ಜತೆ ಮಣಿಕಟ್ಟನ್ನೂ ತಿರುಗಿಸಬೇಕು. ಆಮೇಲೆ ಮಗುಚಿ ಎಡಗೆನ್ನೆಗೂ ಅಷ್ಟೇ ಆಳ, ಅಷ್ಟೇ ಎತ್ತರ, ಅದೇ ಗೆರೆ ಬರಬೇಕು. ಬಲಗೈಯವನಿಗೆ ಒಂದು ಕೆನ್ನೆ ಯಾವಾಗಲೂ ಸುಲಭ, ಇನ್ನೊಂದು ಯಾವಾಗಲೂ ಕಷ್ಟ. ಕುಳಿ ಮುಗಿದು ಬೆನ್ನಿನ ಚಪ್ಪಟೆ ಶುರುವಾಗುವಲ್ಲಿ ಒಂದು ಗೆರೆ ಕಾಣುತ್ತದೆ. ಕೊಳ್ಳುವವರು ಮೊದಲು ನೋಡುವುದು ಎರಡೂ ಕಡೆ ಆ ಗೆರೆ ಸಮ ಇದೆಯಾ ಅಂತ. ಅಲಂಕಾರ ಇಲ್ಲದ ಚೂರಿಯ ಪಾಡು ಇದು. ಕೆತ್ತನೆ ಇದ್ದರೆ ಕಣ್ಣು ಅಲ್ಲಿಗೆ ಹೋಗುತ್ತದೆ. ಏನೂ ಇಲ್ಲದಿದ್ದರೆ ಕಣ್ಣು ತಪ್ಪಿನ ಮೇಲೇ ಬೀಳುತ್ತದೆ.

ಇನ್ನು ಉಕ್ಕು. 1972ರ ಸುಮಾರಿಗೆ ಲವ್‌ಲೆಸ್ 154ಸಿಎಂ ಅನ್ನುವ ಉಕ್ಕನ್ನು ಚೂರಿಗೆ ತಂದ. ಜೆಟ್ ಎಂಜಿನ್ನಿನ ಬಿಡಿಭಾಗಗಳಿಗೆಂದು ತಯಾರಾದ ಸ್ಟೇನ್‌ಲೆಸ್ ಉಕ್ಕು ಅದು. ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಅದರೊಳಗೆ ಮುಖ್ಯವಾಗಿ ಮೂರೇ ಸಂಗತಿ. ಇಂಗಾಲ ಶೇ 1ಕ್ಕಿಂತ ತುಸು ಹೆಚ್ಚು, ಇದು ಗಟ್ಟಿತನ ಕೊಡುತ್ತದೆ. ಕ್ರೋಮಿಯಂ ಸುಮಾರು ಶೇ 14, ಇದು ತುಕ್ಕು ತಡೆಯುತ್ತದೆ. ಮಾಲಿಬ್ಡಿನಂ ಶೇ 4, ಇದು ಬಿಸಿಯಾದಾಗಲೂ ಉಕ್ಕು ಮೆತ್ತಗಾಗದಂತೆ ನೋಡಿಕೊಳ್ಳುತ್ತದೆ, ಬಾಯಿ ಸವೆಯುವುದನ್ನು ನಿಧಾನ ಮಾಡುತ್ತದೆ. ಅಲ್ಲಿಯವರೆಗೆ ಬೇಟೆಯವರಿಗೆ ಒಂದು ಬೇಸರದ ಆಯ್ಕೆ ಇತ್ತು. ಹರಿತ ನಿಲ್ಲುವ ಉಕ್ಕು ಬೇಕಾದರೆ ತುಕ್ಕು ಹಿಡಿಯುತ್ತಿತ್ತು. ತುಕ್ಕು ಹಿಡಿಯದ್ದು ಬೇಕಾದರೆ ಹರಿತ ನಿಲ್ಲುತ್ತಿರಲಿಲ್ಲ. ರಕ್ತದಲ್ಲಿ ಉಪ್ಪಿದೆ, ಕಾಡಿನಲ್ಲಿ ತೇವ ಇದೆ. ಚೂರಿ ಒರೆಸದೆ ರಾತ್ರಿ ಮಲಗಿದರೆ ಬೆಳಗ್ಗೆ ಕಲೆ ಬಿದ್ದಿರುತ್ತದೆ. ಹೊಸ ಉಕ್ಕು ಎರಡನ್ನೂ ಒಂದು ಮಟ್ಟಕ್ಕೆ ತೀರಿಸಿಕೊಟ್ಟಿತು. ಆಮೇಲೆ ಜಪಾನಿನ ಹಿಟಾಚಿ ಕಂಪನಿಯ ಎಟಿಎಸ್-34 ಅನ್ನುವ, ಹೆಚ್ಚುಕಡಿಮೆ ಇದೇ ಪಾಕದ ಉಕ್ಕನ್ನೂ ಬಳಸಿದ. ದಶಕಗಟ್ಟಲೆ ಕೈಚೂರಿ ಲೋಕ ಈ ಎರಡು ಹೆಸರುಗಳ ಸುತ್ತಲೇ ತಿರುಗಿತು.

ಹದ ಕೊಡುವ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ನಮ್ಮ ಕಮ್ಮಾರ ಕತ್ತಿಯನ್ನು ಕೆಂಪಗೆ ಕಾಯಿಸಿ ಬಾಯಿಯನ್ನಷ್ಟೇ ನೀರಿಗೆ ಅದ್ದುತ್ತಾನೆ. ಸುಂಯ್ ಅನ್ನುತ್ತದೆ. ಯಾಕೆ ಅದ್ದಬೇಕು? ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿನೊಳಗಿನ ಕಣಗಳ ಜೋಡಣೆ ಬದಲಾಗಿ ಇಂಗಾಲ ಅದರಲ್ಲಿ ಕರಗಿ ಸೇರಿಕೊಂಡಿರುತ್ತದೆ. ನಿಧಾನವಾಗಿ ಆರಲು ಬಿಟ್ಟರೆ ಇಂಗಾಲ ತನ್ನ ದಾರಿ ಹಿಡಿದು ಹೊರಗೆ ಬಂದು ಬೇರೆ ಕೂರುತ್ತದೆ, ಉಕ್ಕು ಮೆತ್ತಗಾಗುತ್ತದೆ. ತಟ್ಟನೆ ತಣ್ಣಗೆ ಮಾಡಿದರೆ ಹೊರಗೆ ಬರಲು ಅದಕ್ಕೆ ಸಮಯ ಸಿಗುವುದಿಲ್ಲ, ಒಳಗೇ ಸಿಕ್ಕಿಕೊಳ್ಳುತ್ತದೆ. ಸಂತೆ ಮುಗಿದು ಜನ ಮನೆಗೆ ಹೊರಡುವ ಮೊದಲೇ ಬಾಗಿಲು ಹಾಕಿದ ಹಾಗೆ. ಹಾಗೆ ಸಿಕ್ಕಿಕೊಂಡ ಇಂಗಾಲದ ಬಿಗುವೇ ಗಟ್ಟಿತನ.

154ಸಿಎಂನಲ್ಲಿ ನೀರೂ ಬೇಡ, ಎಣ್ಣೆಯೂ ಬೇಡ. ಕ್ರೋಮಿಯಂ, ಮಾಲಿಬ್ಡಿನಂ ಎರಡೂ ಇಂಗಾಲದ ಓಡಾಟವನ್ನು ಎಷ್ಟು ನಿಧಾನ ಮಾಡುತ್ತವೆ ಅಂದರೆ, ಗಾಳಿಯಲ್ಲಿ ಆರಿದರೂ ಸಾಕು, ಗಟ್ಟಿಯಾಗುತ್ತದೆ. ಆದರೆ ಕಾಯಿಸಬೇಕಾದದ್ದು 1,065 ಡಿಗ್ರಿಯ ಹತ್ತಿರ. ಅದೂ ಸ್ವಲ್ಪವೂ ಆಚೀಚೆ ಆಗದ ಹಾಗೆ, ಗಾಳಿ ತಾಗದ ಹಾಗೆ. ಕುಲುಮೆಯ ಬೆಂಕಿಯ ಬಣ್ಣ ನೋಡಿ ಅಂದಾಜು ಮಾಡುವ ಕೆಲಸ ಅಲ್ಲ ಇದು, ವಿದ್ಯುತ್ ಕುಲುಮೆಯೇ ಬೇಕು. ಆರಿದ ಮೇಲೆ ಅಲಗು ಗಾಜಿನ ಹಾಗೆ ಪೆಡಸಾಗಿರುತ್ತದೆ. ಮತ್ತೆ ಹದವಾಗಿ ಬಿಸಿ ಮಾಡಿ ಒಂಚೂರು ಬಿಗು ಇಳಿಸಬೇಕು. ಕೊನೆಗೆ ರಾಕ್‌ವೆಲ್ ಅಳತೆಯಲ್ಲಿ 59ರಿಂದ 61ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ವಜ್ರದ ಮೊನೆಯೊಂದನ್ನು ನಿಗದಿತ ಭಾರದಲ್ಲಿ ಉಕ್ಕಿಗೆ ಒತ್ತಿ, ಎಷ್ಟು ಆಳ ಇಳಿಯಿತು ಅಂತ ನೋಡುವ ಅಳತೆ ಅದು. ಕಡಿಮೆ ಇಳಿದರೆ ಅಂಕಿ ಜಾಸ್ತಿ. ನಮ್ಮ ಅಡುಗೆಮನೆಯ ಅಗ್ಗದ ಸ್ಟೀಲ್ ಚಾಕುಗಳು ಸಾಮಾನ್ಯವಾಗಿ ಇದಕ್ಕಿಂತ ನಾಲ್ಕಾರು ಅಂಕಿ ಕೆಳಗೇ ಇರುತ್ತವೆ. ಅದಕ್ಕೇ ವಾರಕ್ಕೊಮ್ಮೆ ಮಸೆಯಬೇಕು.

ಹಿಡಿಕೆಯ ಒಳಗಿನ ವಿಚಾರ ನನಗೆ ಎಲ್ಲಕ್ಕಿಂತ ಇಷ್ಟ. ನಮ್ಮ ಕತ್ತಿಗಳಲ್ಲಿ ಅಲಗಿನ ಹಿಂದೆ ಚೂಪಾದ ಬಾಲ ಇರುತ್ತದೆ. ಅದನ್ನು ಕಾಯಿಸಿ ಮರದ ಹಿಡಿಯೊಳಗೆ ಇಳಿಸುತ್ತಾರೆ. ಲವ್‌ಲೆಸ್‌ನ ಈ ಚೂರಿಯಲ್ಲಿ ಉಕ್ಕು ಹಿಡಿಕೆಯ ಪೂರ್ತಿ ಅಗಲಕ್ಕೆ, ಪೂರ್ತಿ ಉದ್ದಕ್ಕೆ ಹೋಗುತ್ತದೆ. ಎರಡೂ ಕಡೆಗೆ ಹಿಡಿಯ ಹಲಗೆ ಕೂರಿಸುತ್ತಾರೆ. ಇದು ಗಟ್ಟಿ, ಆದರೆ ಭಾರ. ಎಲ್ಲ ಭಾರ ಹಿಂದಕ್ಕೆ ಬಂದು ಮೂತಿ ಎದ್ದುಕೊಳ್ಳುತ್ತದೆ. ಅವನ ಪರಿಹಾರ ನೋಡಿ: ಹಿಡಿಕೆ ಶುರುವಾಗುವಲ್ಲಿ ಸುಮಾರು 4 ಮಿಲಿಮೀಟರ್ ದಪ್ಪ ಇರುವ ಉಕ್ಕನ್ನು ಹಿಂದೆ ಹೋದ ಹಾಗೆ ತೆಳ್ಳಗೆ ಮಾಡುತ್ತ, ಹಿಡಿಕೆಯ ಕೊನೆಯಲ್ಲಿ ದಪ್ಪ ಕಾಗದದಷ್ಟಕ್ಕೆ ಇಳಿಸುವುದು. ಚೂರಿಯನ್ನು ಮೇಲಿನಿಂದ ನೋಡಿದರೆ ಉಕ್ಕು ಮುಂದಕ್ಕೂ ಮೊನಚು, ಹಿಂದಕ್ಕೂ ಮೊನಚು, ನಡುವೆ ದಪ್ಪ. ತೋರುಬೆರಳಿನ ಮೇಲೆ ಇಟ್ಟರೆ ತಕ್ಕಡಿಯ ಮುಳ್ಳಿನ ಹಾಗೆ ನಿಲ್ಲುತ್ತದೆ. ಮರಗಟ್ಟಿದ ಕೈಯಲ್ಲೂ ಮೂತಿ ತಾನಾಗಿ ಏಳುವುದಿಲ್ಲ, ತಾನಾಗಿ ಬೀಳುವುದಿಲ್ಲ. ಕೊಯ್ಯಬಾರದ್ದನ್ನು ಕೊಯ್ಯದಿರಲು ಅದೂ ಬೇಕು.

ಈ ತೆಳುಗೊಳಿಸುವ ಕೆಲಸದ ಕಷ್ಟ ಆಮೇಲೆ ಗೊತ್ತಾಗುತ್ತದೆ. ಉಕ್ಕು ಇಳಿಜಾರಾದರೆ ಅದಕ್ಕೆ ತಾಗುವ ಹಲಗೆಗಳು, ರಂಧ್ರಗಳು, ಮೊಳೆಗಳು ಎಲ್ಲವೂ ಓರೆಯಾಗುತ್ತವೆ. ಕೂದಲು ತೂರುವಷ್ಟು ಸಂದು ಉಳಿದರೂ ರಕ್ತ ಅದರೊಳಗೆ ಇಳಿದು ಕೊಳೆಯುತ್ತದೆ. ಅಲಗಿಗೂ ಹಿಡಿಗೂ ನಡುವಿನ ಬೆರಳು ತಡೆಯನ್ನು ಬೆಸುಗೆ ಹಾಕಿ ಕೂರಿಸುವುದೂ ಅದಕ್ಕೇ. ಹಿಡಿಗೆ ಅವನು ಹೆಚ್ಚಾಗಿ ಬಳಸಿದ್ದು ಮೈಕಾರ್ಟ. ಬಟ್ಟೆಯ ಪದರಗಳನ್ನು ರಾಳದಲ್ಲಿ ಅದ್ದಿ, ಬಿಸಿ ಒತ್ತಡದಲ್ಲಿ ಹಲಗೆ ಮಾಡಿದ್ದು. ನೀರಿಗೆ ಉಬ್ಬುವುದಿಲ್ಲ, ಬಿಸಿಲಿಗೆ ಸೀಳುವುದಿಲ್ಲ, ಒದ್ದೆಯಾದರೂ ಕೈಗೆ ಹಿಡಿತ ಸಿಗುತ್ತದೆ. ಜಿಂಕೆಯ ಕೊಂಬಿನ ಹಿಡಿ ನೋಡಲು ಚೆಂದ, ಕೆಲಸಕ್ಕೆ ಮೈಕಾರ್ಟವೇ ವಾಸಿ. ಉಕ್ಕಿಗೂ ಹಿಡಿಗೂ ನಡುವೆ ತೆಳ್ಳಗಿನ ಕೆಂಪು ಪದರ ಇಡುವುದು ಅವನ ಗುರುತಾಗಿತ್ತು. ಹಲಗೆಗಳನ್ನು ಬಿಗಿಯುವ ಬೋಲ್ಟುಗಳೂ ಅವನ ಹೆಸರಿನಲ್ಲೇ ಮಾರುಕಟ್ಟೆಯಲ್ಲಿವೆ. ಉಜ್ಜಿ ಸಮ ಮಾಡಿದ ಮೇಲೆ ಹಿಡಿಯ ಮೇಲೆ ಒಂದರೊಳಗೊಂದು ಉಂಗುರದ ಹಾಗೆ ಕಾಣುತ್ತವೆ.

ಅವನ ಮುದ್ರೆಯ ಬಗ್ಗೆ ಹೇಳದಿದ್ದರೆ ಸಂಗ್ರಾಹಕರು ಬೈಯುತ್ತಾರೆ. ಕೆಲವು ಅಲಗುಗಳ ಮೇಲೆ ಹೆಸರಿನ ಜತೆ ಬೆತ್ತಲೆ ಹೆಂಗಸಿನ ಚಿತ್ರ ಇದೆ. ಅಂಥವಕ್ಕೆ ಬೆಲೆ ಇನ್ನೂ ಜಾಸ್ತಿ. ಸಾವಿರಾರು ಡಾಲರ್ ಕೊಟ್ಟು ಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ, ಜಪಾನಿನಲ್ಲಂತೂ ಅವನಿಗೆ ದೊಡ್ಡ ಅಭಿಮಾನಿ ಬಳಗ ಇದೆ. ಕರುಳು ತಾಗಬಾರದು ಅಂತ ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದ ಚೂರಿ ಜನ್ಮದಲ್ಲಿ ಒಂದು ಕೋಳಿಯನ್ನೂ ನೋಡದೆ ಕೂರುತ್ತದಲ್ಲ, ಅದೇ ನನಗೆ ಹೊಟ್ಟೆಯುರಿ.

ಆದರೆ ಆಕಾರ ಪೆಟ್ಟಿಗೆಯಲ್ಲಿ ಉಳಿಯಲಿಲ್ಲ. ಲವ್‌ಲೆಸ್ ಗುಟ್ಟು ಕಾಪಾಡುವ ಮನುಷ್ಯ ಆಗಿರಲಿಲ್ಲ. 1970ರಲ್ಲಿ ಅಮೆರಿಕದ ಚೂರಿ ಮಾಡುವವರು ಸಂಘ ಕಟ್ಟಿದಾಗ ಮುಂದಾಳುಗಳಲ್ಲಿ ಅವನೂ ಒಬ್ಬ. 1977ರಲ್ಲಿ ರಿಚರ್ಡ್ ಬಾರ್ನಿ ಜತೆ ಸೇರಿ, ತಾನು ಚೂರಿ ಮಾಡುವ ಬಗೆಯನ್ನು ಹಂತ ಹಂತವಾಗಿ ಪುಸ್ತಕದಲ್ಲಿ ಬಿಡಿಸಿ ಹೇಳಿದ. ಗರ್ಬರ್, ಶ್ರೇಡ್, ಬೆರೆಟ್ಟಾದಂಥ ಕಂಪನಿಗಳಿಗೂ ವಿನ್ಯಾಸ ಮಾಡಿಕೊಟ್ಟ. ಇವತ್ತು ಆನ್‌ಲೈನಿನಲ್ಲಿ ಮಡಚುವ ಚಾಕುಗಳನ್ನು ತೆಗೆದು ನೋಡಿ, ಎಷ್ಟೋ ಚಾಕುಗಳ ಕೆಳಗೆ "ಡ್ರಾಪ್ ಪಾಯಿಂಟ್" ಅಂತ ಬರೆದಿರುತ್ತದೆ. ಬರೆದಿರುವುದೆಲ್ಲ ಅದೇ ಅಲ್ಲ. ಅಗ್ಗದ ನಕಲಿನಲ್ಲಿ ಬೆನ್ನು ಇಳಿದಿರುತ್ತದೆ, ಬಾಯಿಯ ಹಿಂದೆ ದಪ್ಪ ಹಾಗೇ ಇರುತ್ತದೆ. ಮೂತಿ ನಕಲು ಮಾಡುವುದು ಸುಲಭ, ಕೆನ್ನೆ ಕಷ್ಟ.

ಕೆಲಸಕ್ಕೆ ತಕ್ಕ ಮೂತಿ ನಮ್ಮಲ್ಲೂ ಇದೆ ಅನ್ನಿ. ಮಲೆನಾಡಿನ ಕತ್ತಿಯ ಮೂತಿ ಗಿಳಿ ಕೊಕ್ಕಿನ ಹಾಗೆ ಒಳಕ್ಕೆ ಬಾಗಿರುತ್ತದೆ. ಸೊಪ್ಪಿನ ಕೊಂಬೆಯನ್ನು ಎಳೆದು ಕೊಯ್ಯಬೇಕು, ಕೊಂಬೆ ಜಾರಬಾರದು, ಬೀಸಿದಾಗ ಮೊನೆ ಕಲ್ಲಿಗೆ ತಾಗಬಾರದು. ಅದರಲ್ಲಿ ಕೋಳಿ ಹೊಟ್ಟೆ ಸೀಳಲು ಹೋದರೆ ದೇವರೇ ಗತಿ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ರಟ್ಟಿನಲ್ಲಿ ಈ ಆಕಾರ ಕತ್ತರಿಸಿಕೊಂಡು ನಮ್ಮ ಕಮ್ಮಾರರ ಹತ್ತಿರ ಹೋದೆ. ಅವರು ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮೂತಿ ಯಾಕೆ ಹಿಂಗೆ ಜೋತುಬಿದ್ದಿದೆ? ಕಸುವಿಲ್ಲದ ಹಂಗಿದೆ" ಅಂದರು. ಅಮೆರಿಕ, ಜಿಂಕೆ, ಲವ್‌ಲೆಸ್ ಅಂತ ನಾನು ಶುರುಮಾಡಿದೆ. ತಿದಿ ಒತ್ತುವುದನ್ನು ಅವರು ನಿಲ್ಲಿಸಲಿಲ್ಲ. ಕೊನೆಗೆ "ಕೋಳಿ ಪಿತ್ತ ಒಡೀಬಾರ್ದು, ಅದಕ್ಕೆ" ಅಂದೆ.

"ಹಂಗಂತ ಮೊದ್ಲೇ ಹೇಳ್ಬಾರ್ದಾ" ಅಂದರು. ರಟ್ಟನ್ನು ಪಕ್ಕಕ್ಕೆ ಇಟ್ಟು, ಮೂಲೆಯಲ್ಲಿದ್ದ ಲಾರಿ ಪಟ್ಟದ ತುಂಡು ಎಳೆದು ಬೆಂಕಿಗೆ ಹಾಕಿದರು. ಮರುದಿನ ಕೊಟ್ಟ ಚೂರಿಯಲ್ಲಿ ಕುಳಿ ಇರಲಿಲ್ಲ, ಬಾಲ ತೆಳುವಾಗಿರಲಿಲ್ಲ, ಹಿಡಿ ಬೈನೆ ಮರದ್ದು. ಬೆನ್ನು ಮಾತ್ರ ರಟ್ಟಿನಲ್ಲಿ ನಾನು ಬರೆದದ್ದಕ್ಕಿಂತ ಒಂದು ನೂಲು ಜಾಸ್ತಿ ಇಳಿದಿತ್ತು. "ನೀವು ಬರೆದದ್ದು ಸಾಕಾಗ್ತಿರ್ಲಿಲ್ಲ, ನಾಟಿಕೋಳಿ ಹೊಟ್ಟೆ ಸಣ್ಣದು" ಅಂದರು.